ಮರ ಮುಟ್ಟುವ ಮೊದಲು ಮೂರು ತಿಂಗಳು ಕಾಗದ

ಸಾಗರ, ಸೊರಬದ ಕಡೆ ಕೆತ್ತನೆಯವರಿಗೆ ಉಳಿ ಹಿಡಿಯೋದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕೆತ್ತುವ ಮೊದಲು ಏನು ಮಾಡಿದೆ, ಎಷ್ಟು ಕಳಕೊಂಡೆ, ಅದನ್ನಷ್ಟೇ ಬರೆಯುತ್ತೇನೆ.

ನಮ್ಮ ಕಡೆಯ ಒಂದು ಹಳೇ ಹಂಚಿನ ಚರ್ಚು. ಮಳೆಗೆ ಗೋಡೆ ಬಾಯಿ ಬಿಟ್ಟಿತ್ತು. ಕೆಡವಿ ಆರ್‌ಸಿಸಿಯಲ್ಲಿ ಹೊಸದು ಕಟ್ಟಿದರು. ನಡುವೆ ಕಂಬವಿಲ್ಲ, ಎಡಗಡೆ ಉದ್ದಕ್ಕೂ ಬಣ್ಣದ ಗಾಜು. ಬಲಿಪೀಠದ ಹಿಂದಿನ ಗೋಡೆಗೆ ಪುನರುತ್ಥಾನದ ಯೇಸು ಬೇಕೆಂದರು. ಏಳಡಿ ಎತ್ತರ, ನೆಲದಿಂದ ಹನ್ನೆರಡು ಅಡಿ ಮೇಲೆ. 2 ಲಕ್ಷ 40 ಸಾವಿರಕ್ಕೆ ಮಾತಾಯಿತು. ಮುಂಗಡ 50 ಸಾವಿರ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಒಂದಡಿ ಚಿತ್ರ ಬರೆದು, ಚೌಕ ಹಾಕಿ, ಏಳು ಪಟ್ಟು ಹಿಗ್ಗಿಸಿ ಶಿವನಿ ಮರಕ್ಕೆ ಇಳಿಸಿದೆ. ಒರಟು ಕೆಲಸ ಮುಗಿಸಿ ಚೈನ್ ಪುಲ್ಲಿಯಲ್ಲಿ ಎತ್ತಿಸಿ ಕೆಳಗಿಂದ ನೋಡಿದರೆ ಕಾಲು ಆನೆಯದು, ತಲೆ ನಿಂಬೆಹಣ್ಣು. "ಏನ್ ಮಾರಾಯ್ರೇ, ಸ್ವಾಮಿಗೆ ಕುತ್ತಿಗೆಯೇ ಇಲ್ವಲ್ಲ" ಅಂದರು ಕಂಟ್ರಾಕ್ಟರ್. ಮರವೂ ಸರಿಯಾಗಿ ಒಣಗಿರಲಿಲ್ಲ, ಎದೆಯಿಂದ ಹೊಟ್ಟೆವರೆಗೆ ಸೀಳಿತು. 28 ಸಾವಿರ ಬಚ್ಚಲೊಲೆಗೆ ಹೋಯಿತು.

ಫಾದರ್ ಹತ್ತಿರ ಮೂರು ತಿಂಗಳ ಅವಕಾಶ ಕೇಳಿದೆ. ಕಂದು ಕಾಗದ ಅಂಟಿಸಿ ಏಳಡಿ ಚಿತ್ರ ಬರೆದು, ಅಂಚಿಗೆ ಕತ್ತರಿಸಿ, ಅದೇ ಗೋಡೆಗೆ ನೇತುಹಾಕುವುದು ನನ್ನ ಯೋಚನೆ. "ಉಳಿ ಬಿಟ್ಟು ಕತ್ತರಿ ಹಿಡಿದಿದ್ದಾನೆ" ಅಂತ ಅಣ್ಣ ಊರೆಲ್ಲ ಹೇಳಿದ. ಇಂಗ್ಲೆಂಡಿನ ಕೊವೆಂಟ್ರಿಯ ಕಥೆ ಹೇಳಿದೆ. 1940ರಲ್ಲಿ ಬಾಂಬಿಗೆ ಸುಟ್ಟ ಚರ್ಚು, ಹೊಸದು ತೆರೆದದ್ದು 1962ರಲ್ಲಿ. ಅದರ ಹೊರಗೋಡೆಗೆ ಸಂತ ಮಿಕಾಯೇಲನ ಕಂಚಿನ ಮೂರ್ತಿ ಮಾಡಿದ ಎಪ್‌ಸ್ಟೀನ್ ಕೂಡ ಮೊದಲು ಮಾಡಿದ್ದು ಪುಟ್ಟ ಮಾದರಿಯನ್ನೇ ಅಂದೆ. "ಅವನಿಗೆ ಆ ದಿನಗಳ ಕೂಲಿ ಯಾರು ಕೊಟ್ರು?" ಅಂದ. ಸುಮ್ಮನಾದೆ.

ಮಳೆಗಾಲದಲ್ಲಿ ಕಾಗದದ ಕೆಲಸ ಅಂದ್ರೆ ಗೊತ್ತಲ್ವಾ. ಮೈದಾ ಅಂಟಿಗೆ ಒಂದೇ ವಾರದಲ್ಲಿ ಬೂಸು ಹಿಡಿಯಿತು, ಉಳಿದದ್ದನ್ನು ಜಿರಲೆ ತಿಂದವು. ಅಡಿಕೆಗೆ ಹೊಡೆಯಲು ತಂದಿದ್ದ ಮೈಲುತುತ್ತವನ್ನು ಚಿಟಿಕೆ ಬೆರೆಸಿದ ಮೇಲೆ ನಿಂತಿತು. ಒಟ್ಟು ಒಂಬತ್ತೋ ಹತ್ತೋ ಚಿತ್ರ ಆಗಿರಬೇಕು, ಕಾಗದಕ್ಕೇ ಆರು ಸಾವಿರದ ಹತ್ತಿರ.

ಫ್ರಾನ್ಸಿನ ಚಿತ್ರಕಾರ ಮಾತೀಸ್ ಒಂದು ಚಾಪೆಲ್‌ಗೆ, ಅಂದ್ರೆ ಪುಟ್ಟ ಚರ್ಚಿಗೆ, ಚಿತ್ರ ಬರೆಯುವಾಗ ಉದ್ದನೆಯ ಬಿದಿರಿಗೆ ಇದ್ದಿಲು ಕಟ್ಟಿಕೊಂಡಿದ್ದನಂತಲ್ಲ, ಅದನ್ನೂ ಮಾಡಿ ನೋಡಿದೆ. ನಮ್ಮಲ್ಲಿ ಬಿದಿರಿಗೇನು ಬರ! ಭುಜ ಬಿದ್ದುಹೋಯಿತು. ಆದರೆ ದೂರ ನಿಂತು ಎಳೆದ ಗೆರೆಗೆ ಬೇರೆಯೇ ಗತ್ತು. ಎತ್ತಿದ ಕೈಯ ಓಟ ಬಂದದ್ದು ಅದರಿಂದಲೇ.

ನಿಜವಾದ ತಲೆನೋವು ಬೆಂಚಿನದು. ಮುಂದಿನ ಬೆಂಚಿಗೆ ಸರಿಹೋಗುವಂತೆ ತಲೆ, ಎದೆ ಹಿಗ್ಗಿಸಿದರೆ ಹಿಂದಿನ ಬೆಂಚಿಗೆ ಕೂಸಿನ ಹಾಗೆ ತಲೆಯೇ ದೊಡ್ಡದಾಗುತ್ತದೆ. ಬೆಂಚಿನಿಂದ ಬೆಂಚಿಗೆ ಕೂತು, ಸಾರ್ವೆಯ ಮೇಲಿನ ಹುಡುಗನಿಗೆ ಕೂಗಿ ಹೇಳಿ, ಕಾಗದವನ್ನು ಅಡ್ಡಕ್ಕೆ ಕೊಯ್ದು ಇಂಚಿಂಚೇ ಸರಿಸಿದೆ. ಎರಡೂ ಕಡೆಗೆ ಹೊಂದುವಂಥ ಒಂದು ಬೆಂಚು ಸಿಕ್ಕಿತು. ಎಷ್ಟನೆಯದು, ಎಷ್ಟು ಇಂಚು ಅಂತ ಕೇಳಬೇಡಿ. ಮೂರು ತಿಂಗಳು ಹೋಗಿದೆ ನನ್ನದು.

ನಿಲುವಂಗಿಯ ಮಡಿಕೆಗೆ ಅಡಿಕೆ ಹಾಳೆ. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಬೇಕಾದಂತೆ ಮಡಚಿ ದಾರ ಕಟ್ಟಿ ಒಲೆ ಮೇಲೆ ತೂಗುಹಾಕಿದರೆ ಹಾಗೇ ಗಟ್ಟಿಯಾಗುತ್ತದೆ. ಬಟ್ಟೆಗಿಂತ ಮಡಿಕೆ ಕಡಿಮೆ, ಏಣು ಜಾಸ್ತಿ. ಮರಕ್ಕೆ ಬೇಕಾದದ್ದು ಅದೇ. ಜೇಡಿಮಣ್ಣಿನ ಮಾದರಿ ಮಾತ್ರ ಆ ತೇವಕ್ಕೆ ಒಣಗದೆ ಎರಡು ಸಲ ಕುಸಿಯಿತು. ಮೂರನೆಯದನ್ನು ಕರೆಂಟ್ ಹೋದ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಎಡಗಡೆಯ ಬೆಳಕಿಗೆ ಎತ್ತಿದ ಕೈಯ ನೆರಳು ನೇರ ಮುಖದ ಮೇಲೆ! ಕಾಗದದಲ್ಲಿ ಇದು ಕಾಣಿಸುವುದೇ ಇಲ್ಲ. ಕೈಯನ್ನು ಹೊರಕ್ಕೆ ತಿರುಗಿಸಿ, ಮುಖವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದೆ.

ಆಮೇಲೆ ಒಣಗಿದ ತೇಗದ ತುಂಡುಗಳನ್ನು ಜೋಡಿಸಿ ಎರಡೂವರೆ ತಿಂಗಳಲ್ಲಿ ಕೆತ್ತಿ ಮುಗಿಸಿದೆ. ಏರಿಸಿದ ದಿನ ಒಂದು ಇಂಚೂ ತಿದ್ದಲಿಲ್ಲ. ಕಂಟ್ರಾಕ್ಟರ್ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ನಡೆದು ನೋಡಿ ಏನೂ ಅನ್ನಲಿಲ್ಲ. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಖರ್ಚು ಕಳೆದು ಕೈಗೆ ಉಳಿದದ್ದು 70 ಸಾವಿರ ಚಿಲ್ಲರೆ. ಈಗ ಚಿತ್ರಕ್ಕೆ ಬೇರೆ, ಕೆತ್ತನೆಗೆ ಬೇರೆ ದುಡ್ಡು ಹೇಳುತ್ತೇನೆ.

ಅಣ್ಣ ಹೋದ ತಿಂಗಳು ಒಂದು ರಥದ ಕೆಲಸ ಹಿಡಿದ. ಸಂಜೆ ಬಂದು ಮಿಕ್ಕಿದ್ದ ಕಂದು ಕಾಗದದ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದವನು ದುಡ್ಡಿನ ಮಾತು ಇನ್ನೂ ಎತ್ತಿಲ್ಲ.