ಚಿಪ್ಪರ್ ಬ್ಲೇಡ್ ನೀವೇ ಹರಿತ ಮಾಡಿಕೊಳ್ಳಿ

ಗೋವಾದಲ್ಲಿ ತೋಟ ನೋಡಿಕೊಳ್ಳುವ ನಮ್ಮವರು ಚಿಪ್ಪರ್‌ಗೆ, ಅಂದರೆ ಕೊಂಬೆ-ಗರಿ ಚೂರು ಮಾಡುವ ಯಂತ್ರಕ್ಕೆ, ಹೆಚ್ಚಾಗಿ ಹಾಕುವುದು ತೆಂಗಿನ ಗರಿ, ಗೇರು ಕೊಂಬೆ. ಗರಿಗೆ ಅಂಟಿದ ಕೆಂಪು ಮಣ್ಣು, ಮರಳೇ ಬ್ಲೇಡನ್ನು ಮೊಂಡು ಮಾಡುವುದು, ಕೊಡವಿ ಹಾಕಿ. ಚೂರಿನ ಬದಲು ನಾರು ಬರತೊಡಗಿದರೆ ಹರಿತ ಮಾಡುವ ಹೊತ್ತಾಯಿತು.

ಎಂಜಿನ್ ಆರಿಸಿ ಸ್ಪಾರ್ಕ್ ಪ್ಲಗ್ ವೈರ್ ಕಳಚಿ. ಬ್ಲೇಡ್ ಕೂತಿರುವ ಚಕ್ರ ಪೂರ್ತಿ ನಿಂತ ಮೇಲೆ ಅದು ತಿರುಗದಂತೆ ಮರದ ತುಂಡು ಸಿಕ್ಕಿಸಿ, ದಪ್ಪ ಕೈಗವಸು ಹಾಕಿ ಬ್ಲೇಡಿನ ಬೋಲ್ಟ್ ಬಿಚ್ಚಿ.

ಅಂಚಿನ ಕೋನ ಸಾಮಾನ್ಯವಾಗಿ 30ರಿಂದ 45 ಡಿಗ್ರಿ. ಮೂಲ ಕೋನವನ್ನೇ ಉಳಿಸಿಕೊಳ್ಳಿ. ಅಂಚಿನ ಇಳಿಜಾರು ಬದಿಗೆ ಮಾರ್ಕರ್ ಬಳಿದು ಒಮ್ಮೆ ಉಜ್ಜಿ ನೋಡಿ: ಶಾಯಿ ಎಲ್ಲ ಕಡೆ ಸಮನಾಗಿ ಹೋದರೆ ಕೋನ ಸರಿಯಿದೆ. ಗ್ರೈಂಡರ್ ಮೇಲೆ ಹಗುರವಾಗಿ ಹಿಡಿದು, ಪ್ರತಿ ಸಲವೂ ನೀರಿಗೆ ಅದ್ದಿ. ಅಂಚು ನೀಲಿಯಾದರೆ ಉಕ್ಕಿನ ಹದ ಹೋಯಿತು, ಆ ಭಾಗ ಬೇಗ ಮೊಂಡಾಗುತ್ತದೆ. ಚಪ್ಪಟೆ ಬದಿಯನ್ನು ಗ್ರೈಂಡರ್‌ಗೆ ಕೊಡಲೇಬೇಡಿ. 400, ಆಮೇಲೆ 1000 ಗ್ರಿಟ್ (ನುಣುಪಿನ ಅಳತೆ) ಸಾಣೆಕಲ್ಲಿನ ಮೇಲೆ ಮಟ್ಟಸವಾಗಿಟ್ಟು ಅಂಚಿನಲ್ಲೆದ್ದ ಸಿಬಿರು ತೆಗೆದರೆ ಸಾಕು.

ಜೋಡಿ ಬ್ಲೇಡ್‌ಗಳನ್ನು ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ ಸಮ ಮಾಡಿ. ವ್ಯತ್ಯಾಸವಿದ್ದರೆ ಯಂತ್ರ ಅದುರಿ ಬೇರಿಂಗ್ ಸವೆಯುತ್ತದೆ. ಆಳವಾದ ಕಚ್ಚು ಬಿದ್ದಿದ್ದರೆ ಸರ್ಫೇಸ್ ಗ್ರೈಂಡರ್ (ಲೋಹವನ್ನು ಮಟ್ಟಸವಾಗಿ ಉಜ್ಜುವ ಯಂತ್ರ) ಇರುವ ವರ್ಕ್‌ಶಾಪಿಗೆ ಕೊಡುವುದೇ ಜಾಣತನ. ಬಿರುಕು ಕಂಡರೆ ಎಸೆಯಿರಿ.

ಕೂರಿಸುವ ಜಾಗದಲ್ಲಿ ಹೊಟ್ಟು ಉಳಿದರೆ ಬ್ಲೇಡ್ ಓರೆಯಾಗುತ್ತದೆ, ಚೆನ್ನಾಗಿ ಒರೆಸಿ. ಬೋಲ್ಟನ್ನು ಕೈಪಿಡಿ ಹೇಳಿದಷ್ಟೇ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿಯಿರಿ. ಹಲವರು ಮರೆಯುವುದು ಇದನ್ನೇ: ಸವೆದ ಬ್ಲೇಡ್‌ಗೂ ಅದರೆದುರು ಅಲುಗದೆ ಕೂತಿರುವ ಸ್ಥಿರ ಪಟ್ಟಿಗೂ ನಡುವಿನ ಸಂದು ಹಿಗ್ಗಿರುತ್ತದೆ. ಕೈಪಿಡಿಯ ಅಳತೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಿಡಿದು ಹೊಂದಿಸಿ. ಮರದ ತುಂಡು ತೆಗೆದು ಚಕ್ರವನ್ನು ಕೈಯಲ್ಲಿ ಪೂರ್ತಿ ಸುತ್ತಿಸಿ, ಎಲ್ಲೂ ತಾಗದಿದ್ದರೆ ಮಾತ್ರ ವೈರ್ ಜೋಡಿಸಿ.