ಬೂದು ಜೋಡಿಯ ಗೂಡಿನಲ್ಲಿ ಕಂದು ಮರಿ

ಮೈಸೂರಿನ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ಈಗ 9 ಪಂಜರಗಳಿವೆ. ಶುರುವಾಗಿದ್ದು ಜೀಬ್ರಾ ಫಿಂಚ್ ಅನ್ನುವ ಪುಟ್ಟ ಹಕ್ಕಿಯ ಒಂದೇ ಜೋಡಿಯಿಂದ. ಎರಡೂ ಮಾಮೂಲಿ ಬೂದು ಬಣ್ಣದವು. ಗಂಡಿಗೆ ಕಿತ್ತಳೆ ಕೆನ್ನೆ, ಎದೆಯ ಮೇಲೆ ಸಣ್ಣ ಪಟ್ಟೆ, ಪಕ್ಕೆಯಲ್ಲಿ ಬಿಳಿ ಚುಕ್ಕೆ. ಜಾತ್ರೆಯ ಪೀಪಿ ಊದಿದ ಹಾಗೆ ದಿನವಿಡೀ ಅದರ ಕೂಗು.

ಮೂರು ತಿಂಗಳ ನಂತರ ಕುಡಿಕೆಯಲ್ಲಿ ಐದು ಮೊಟ್ಟೆ ಇಟ್ಟವು. ಗಂಡು, ಹೆಣ್ಣು ಸರದಿಯಲ್ಲಿ ಕಾವು ಕೂತವು. 13 ದಿನಕ್ಕೆ ಮರಿಗಳು ಬಂದವು, ನಾಲ್ಕು. ಎರಡು ವಾರದ ಹೊತ್ತಿಗೆ ಗರಿ ಒಡೆದಾಗ ಟಾರ್ಚ್ ಹಿಡಿದು ನೋಡಿದೆ. ಮೂರು ಬೂದು. ಒಂದು ಮಾತ್ರ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಮನೆಯಲ್ಲಿ ಬೇರೆ ಗಂಡೇ ಇಲ್ಲ. ಇದು ಎಲ್ಲಿಂದ ಬಂತು?

ಫಿಂಚ್ ಸಾಕುವವರು ಇದನ್ನು ಫಾನ್ ಅನ್ನುತ್ತಾರೆ. ಇದರ ಗುಟ್ಟು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಹಕ್ಕಿಗಳಲ್ಲಿ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಫಾನ್ ಗುಣ ಇರುವುದು ಝಡ್ ಮೇಲೆ. ಗಂಡಿನ ಒಂದು ಝಡ್‌ನಲ್ಲಿ ಫಾನ್ ಇದ್ದರೂ ಇನ್ನೊಂದರ ಬೂದು ಅದನ್ನು ಮುಚ್ಚಿಬಿಡುತ್ತದೆ. ಅಂಥ ಗಂಡಿಗೆ ಸ್ಪ್ಲಿಟ್ ಅನ್ನುತ್ತೇವೆ. ಹೆಣ್ಣಿಗೆ ಇರುವುದೇ ಒಂದು ಝಡ್. ಮುಚ್ಚಲು ಏನೂ ಇಲ್ಲ. ಅದರಲ್ಲಿ ಫಾನ್ ಇದ್ದರೆ ಮೈಮೇಲೆ ಕಾಣಲೇಬೇಕು. ಹಾಗಾಗಿ ನನ್ನ ಬೂದು ಗಂಡು ಸ್ಪ್ಲಿಟ್, ಕಂದು ಮರಿ ಅದರ ಮಗಳು. ಎರಡು ತಿಂಗಳಾದ ಮೇಲೆ ಅದರ ಕಪ್ಪು ಕೊಕ್ಕು ಕಿತ್ತಳೆಗೆ ತಿರುಗಿತು. ಕೆನ್ನೆಯ ಮಚ್ಚೆ ಬರಲೇ ಇಲ್ಲ. ಹೆಣ್ಣೇ.

ಇದು ಗೊತ್ತಿದ್ದರೆ ಯಾರೂ ನಿಮಗೆ 'ಫಾನ್ ಸ್ಪ್ಲಿಟ್ ಹೆಣ್ಣು' ಅಂತ ಹೇಳಿ ಬೂದು ಹೆಣ್ಣನ್ನು ಮಾರಲಾರರು. ಅಂಥದ್ದು ಇರುವುದೇ ಇಲ್ಲ. ಬಿಳಿ, ಪೈಡ್ (ಮೈಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ) ಬಣ್ಣಗಳ ಮಾತು ಬೇರೆ. ಅವು ಗಂಡು ಹೆಣ್ಣು ಎರಡರಲ್ಲೂ ಅಡಗಿರಬಹುದು.

ಆಮೇಲೆ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಆ ಕಂದು ಹೆಣ್ಣಿಗೆ ನಾಲ್ಕೇ ತಿಂಗಳಿಗೆ ಜೋಡಿ ಹಾಕಿದೆ. ಮೂರು ತಿಂಗಳಿಗೇ ಮೊಟ್ಟೆ ಇಡುವ ಶಕ್ತಿ ಈ ಹಕ್ಕಿಗೆ ಇರುತ್ತದೆ, ಆದರೆ ಮೈ ಬಲಿತಿರುವುದಿಲ್ಲ. ಒಂದು ಬೆಳಿಗ್ಗೆ ಅದು ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿ, ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯಲ್ಲೇ ಹೋಯಿತು. ಹನ್ನೆರಡು ಗ್ರಾಮ್ ಆಸುಪಾಸಿನ ಜೀವ. ನನ್ನ ಆತುರಕ್ಕೆ ಬಲಿಯಾಯಿತು. ಆವತ್ತಿನಿಂದ 8 ತಿಂಗಳು ತುಂಬದ ಹೆಣ್ಣಿಗೆ ಜೋಡಿ ಹಾಕಿಲ್ಲ. ವರ್ಷಕ್ಕೆ ಮೂರಕ್ಕಿಂತ ಜಾಸ್ತಿ ಸಲ ಮರಿ ಮಾಡಿಸಿಲ್ಲ. ಹಕ್ಕಿಗೆ ಸುಣ್ಣದ ಅಂಶ ಕೊಡುವ ಕಟಲ್ ಬೋನ್ (ಕಟಲ್‌ಫಿಶ್ ಅನ್ನುವ ಕಡಲ ಜೀವಿಯ ಒಳಚಿಪ್ಪು) ಎಲ್ಲ ಪಂಜರದಲ್ಲೂ ವರ್ಷಪೂರ್ತಿ ನೇತಾಡುತ್ತದೆ. ಗುಟುಕು ಕೊಡುವ ಜೋಡಿಗೆ ನವಣೆಯ ಜೊತೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಬೆಳಿಗ್ಗೆ ಇಡುತ್ತೇನೆ, ಹಳಸುವ ಮೊದಲೇ ತೆಗೆಯುತ್ತೇನೆ.

ಅದೇ ಅಪ್ಪನಿಗೆ ಮತ್ತೊಂದು ಕಂದು ಮಗಳು ಹುಟ್ಟಿತು. ಅದು 9 ತಿಂಗಳಾಗುವವರೆಗೆ ಕಾದೆ. ನನಗೆ ಬೇಕಿದ್ದದ್ದು ಫಾನ್ ಗಂಡು. ಅಪ್ಪ ಮಗಳಿಗೇ ಜೋಡಿ ಹಾಕಿದರೆ ಬೇಗ ಸಿಗುತ್ತದೆ ನಿಜ. ಆದರೆ ಒಂದೇ ರಕ್ತ ಸೇರಿದರೆ ಮರಿಗಳ ಕಸುವು ಕುಗ್ಗುವ ಅಪಾಯ ಇರುತ್ತದೆ. ಹಾಗಾಗಿ ದೂರದ ದಾರಿ ಹಿಡಿದೆ. ಸ್ನೇಹಿತರೊಬ್ಬರಿಂದ ಸಂಬಂಧವಿಲ್ಲದ ಬೂದು ಗಂಡು ತಂದೆ. ಹುಟ್ಟಿದ ಆರು ಮರಿಯೂ ಬೂದು. ನೋಡಿದವರಿಗೆಲ್ಲ ಬೇಸರ. ನನಗೆ ಖುಷಿ, ಯಾಕಂದ್ರೆ ಅಮ್ಮ ಫಾನ್ ಆದ್ದರಿಂದ ಅದರ ಪ್ರತಿ ಮಗನೂ ಸ್ಪ್ಲಿಟ್. ಅದರಲ್ಲಿ ಅನುಮಾನವೇ ಇಲ್ಲ.

ಆದರೆ ಯಾವ ಬೂದು ಯಾವುದರ ಮಗ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ರಿಂಗ್ ಮತ್ತು ನೋಟ್‌ಬುಕ್ ಬೇಕು. ಎಂಟನೇ ದಿನದ ಸುಮಾರಿಗೆ ಮರಿಯ ಮೂರು ಮುಂಬೆರಳು ಜೋಡಿಸಿ, ಹಿಂಬೆರಳನ್ನು ಕಾಲಿಗೆ ಒತ್ತಿ, ರಿಂಗ್ ಏರಿಸುತ್ತೇನೆ. ಎರಡು ದಿನ ತಡವಾದರೂ ಪಾದ ದಪ್ಪವಾಗಿ ರಿಂಗ್ ಹೋಗುವುದಿಲ್ಲ. ನಂಬರ್, ಅಪ್ಪ, ಅಮ್ಮ, ಹುಟ್ಟಿದ ದಿನ. ಇಷ್ಟು ಬರೆಯದೆ ಬಣ್ಣದ ಆಸೆ ಇಟ್ಟುಕೊಳ್ಳುವುದು ಸುಮ್ನೆ.

ಒಬ್ಬ ಮಗನಿಗೆ ಬೇರೆ ಕಡೆಯಿಂದ ಬಂದ ಫಾನ್ ಹೆಣ್ಣಿನ ಜೋಡಿ ಹಾಕಿದೆ. ಲೆಕ್ಕದ ಪ್ರಕಾರ ಗಂಡು ಹೆಣ್ಣು ಎರಡರಲ್ಲೂ ಅರ್ಧ ಫಾನ್ ಬರಬೇಕು. ಮೊದಲ ಸಲ ನಾಲ್ಕಕ್ಕೆ ನಾಲ್ಕೂ ಬೂದು. ಅರ್ಧ ಅಂದರೆ ನಾಣ್ಯ ಚಿಮ್ಮಿದ ಹಾಗೆ. ಪ್ರತಿ ಮೊಟ್ಟೆಗೂ ಹೊಸದಾಗಿ ಚಿಮ್ಮುತ್ತದೆ. ಒಂದು ಗೂಡು ನೋಡಿ ಗಂಡನ್ನು ಬದಲಾಯಿಸಬೇಡಿ. ಎರಡನೇ ಸಲ ಐದರಲ್ಲಿ ಮೂರು ಕಂದು ಬಂದವು. ಆರೇಳು ವಾರಕ್ಕೆ ಒಂದರ ಕೆನ್ನೆಯಲ್ಲಿ ಸಾಸಿವೆ ಕಾಳಿನಷ್ಟು ಕಿತ್ತಳೆ ಚುಕ್ಕೆ. ಮಾರನೆಯ ದಿನ ಎರಡು ಚುಕ್ಕೆ. ನನ್ನ ಮೊದಲ ಫಾನ್ ಗಂಡು!

ಜುಟ್ಟಿನ ಫಿಂಚ್ ಸಾಕುವವರಿಗೆ ಒಂದು ಮಾತು: ಜುಟ್ಟಿಗೆ ಜುಟ್ಟು ಜೋಡಿ ಮಾಡಬೇಡಿ. ಎರಡೂ ಕಡೆಯಿಂದ ಆ ಗುಣ ಬಂದ ಮರಿ ಬದುಕುವುದಿಲ್ಲ. ಸರಾಸರಿ ನಾಲ್ಕರಲ್ಲಿ ಒಂದು ಹಾಗೇ ಹೋಗುತ್ತದೆ.

ನನ್ನ ಫಾನ್ ಗಂಡು ಈಗ ಒಂದು ಬೂದು ಹೆಣ್ಣಿನ ಜೊತೆಗಿದೆ. ಈ ಜೋಡಿಯಲ್ಲಿ ಹೆಣ್ಣು ಮರಿಗಳೆಲ್ಲ ಕಂದು, ಗಂಡು ಮರಿಗಳೆಲ್ಲ ಬೂದು. ನಿನ್ನೆ ಕುಡಿಕೆಯೊಳಗೆ ಟಾರ್ಚ್ ಬಿಟ್ಟೆ. ಎರಡು ಕಂದು, ಮೂರು ಬೂದು. ಕೊಕ್ಕು ಇನ್ನೂ ಕಪ್ಪು, ಕೆನ್ನೆಯಲ್ಲಿ ಏನೂ ಇಲ್ಲ. ನೋಟ್‌ಬುಕ್ಕಿನಲ್ಲಿ ರಿಂಗ್ ನಂಬರ್‌ಗಳ ಮುಂದೆ ಆಗಲೇ ಬರೆದಿಟ್ಟೆ: ಹೆಣ್ಣು, ಹೆಣ್ಣು, ಗಂಡು, ಗಂಡು, ಗಂಡು.