ಸಂಖ್ಯಾಶಾಸ್ತ್ರ: ಒಂದೇ ಪಟ್ಟಿಯಿಂದ ಸರಾಸರಿ, ಮಧ್ಯಾಂಕ, ಬಹುಲಕ

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ಸೂತ್ರಗಳು ಕೆಲವೇ. ಅವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಆದರೂ ಉತ್ತರ ತಪ್ಪುತ್ತದೆ. ತಪ್ಪಿನ ಜಾಗ ಹುಡುಕಿದರೆ ಅದು ಬಹುತೇಕ ಪಟ್ಟಿಯಲ್ಲೇ ಸಿಗುತ್ತದೆ: ಒಂದು ಸಾಲು ಮೇಲಿನದನ್ನು ಓದಿರುತ್ತಾರೆ, ಇಲ್ಲವೇ ಕೂಡಿದ್ದನ್ನು ತಾಳೆ ನೋಡಿರುವುದಿಲ್ಲ. ಆದ್ದರಿಂದ ಇಲ್ಲಿ ಒಂದೇ ಪಟ್ಟಿಯನ್ನು ಹಿಡಿದು ಕೊನೆಯವರೆಗೂ ಹೋಗೋಣ. ಸೂತ್ರಗಳನ್ನು ಅಕ್ಷರಗಳ ಬದಲು ಮಾತಿನಲ್ಲೇ ಬರೆದಿದೆ. ಯಾವ ಅಕ್ಷರ ಪಟ್ಟಿಯ ಯಾವ ಖಾನೆಯಿಂದ ಬಂತು ಎಂಬುದು ತಿಳಿದರೆ ಸೂತ್ರ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಮೊದಲು ಬಿಡಿ ಅಂಕಿಗಳು

ಏಳು ಜನರ ದಿನದ ಸಂಪಾದನೆ ರೂಪಾಯಿಗಳಲ್ಲಿ ಹೀಗಿದೆ ಎನ್ನಿ: 500, 650, 450, 3750, 550, 500, 600. ಮೊತ್ತ 7000, ಸರಾಸರಿ 1000. ಆದರೆ ಏಳರಲ್ಲಿ ಆರು ಜನರಿಗೆ ಸಾವಿರ ರೂಪಾಯಿಯ ಹತ್ತಿರಕ್ಕೂ ಬಾರದ ಸಂಪಾದನೆ! ಒಂದೇ ಒಂದು ದೊಡ್ಡ ಸಂಖ್ಯೆ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಏರಿಕೆ ಕ್ರಮದಲ್ಲಿ ಬರೆಯಿರಿ: 450, 500, 500, 550, 600, 650, 3750. ನಡುವಿನದು, ಅಂದರೆ ನಾಲ್ಕನೆಯದು, 550. ಅದೇ ಮಧ್ಯಾಂಕ. ಹೆಚ್ಚು ಸಲ ಬಂದಿರುವ 500 ಬಹುಲಕ. 3750ರ ಜಾಗದಲ್ಲಿ 37,500 ಇದ್ದರೂ ಮಧ್ಯಾಂಕ ಕದಲುವುದಿಲ್ಲ. ಆದಾಯದ ವಿಷಯಕ್ಕೆ ಮಧ್ಯಾಂಕ ಹೆಚ್ಚು ಪ್ರಾಮಾಣಿಕ ಎನ್ನುವುದು ಇದಕ್ಕೇ. ಚಪ್ಪಲಿ ಅಂಗಡಿಯವನು ಯಾವ ಸೈಜು ಹೆಚ್ಚು ತರಿಸಬೇಕು ಎಂದು ನೋಡುವಾಗ ಅವನಿಗೆ ಬೇಕಾದದ್ದು ಬಹುಲಕ. ಸರಾಸರಿ ಸೈಜು 7.3 ಎಂದರೆ ಆ ಅಳತೆಯ ಚಪ್ಪಲಿಯೇ ಇರುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು, ಕ್ರಮದಲ್ಲಿ ಬರೆಯದೆ ನಡುವಿನ ಸಂಖ್ಯೆಯನ್ನು ಎತ್ತಿಕೊಳ್ಳುವುದು. ಮೇಲೆ ಕೊಟ್ಟ ಕ್ರಮದಲ್ಲೇ ಎಣಿಸಿದರೆ ನಾಲ್ಕನೆಯದು 3750 ಆಗುತ್ತದೆ. ಒಟ್ಟು ಸಮಸಂಖ್ಯೆಯಾಗಿದ್ದರೆ ನಡುವಿನ ಎರಡನ್ನು ಕೂಡಿ 2ರಿಂದ ಭಾಗಿಸಿ.

ಸರಾಸರಿಯಲ್ಲಿ ಭಾಗಿಸುವ ಸಂಖ್ಯೆ ಯಾವುದು ಎಂಬುದಕ್ಕೆ ಕ್ರಿಕೆಟ್ ಒಳ್ಳೆಯ ಉದಾಹರಣೆ. ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ 286 ಇನಿಂಗ್ಸ್ ಆಡಿ 13,288 ರನ್ ಗಳಿಸಿದರು. 286ರಿಂದ ಭಾಗಿಸಿದರೆ ಬರುವುದು 46.46. ದಾಖಲೆಯಲ್ಲಿರುವುದು 52.31. ಬ್ಯಾಟಿಂಗ್ ಸರಾಸರಿಯಲ್ಲಿ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸುತ್ತಾರೆ. 32 ಸಲ ಅವರು ಔಟಾಗದೆ ಉಳಿದರು, ಹಾಗಾಗಿ ಭಾಜಕ 254.

ಪಟ್ಟಿ ಹಾಕುವುದು

ಒಂದು ಬೀದಿಯ 40 ಮನೆಗಳ ತಿಂಗಳ ವಿದ್ಯುತ್ ಬಳಕೆ, ಯೂನಿಟ್‌ಗಳಲ್ಲಿ (ಅಭ್ಯಾಸಕ್ಕೆಂದು ಮಾಡಿಕೊಂಡ ಅಂಕಿಗಳು), ಕೆಳಗಿದೆ. ವರ್ಗಾಂತರ ಎಂದರೆ 20–40ರಂಥ ಒಂದು ಗುಂಪು, ಆವೃತ್ತಿ ಎಂದರೆ ಆ ಗುಂಪಿಗೆ ಸೇರಿದ ಮನೆಗಳ ಸಂಖ್ಯೆ, ಸಂಚಿತ ಆವೃತ್ತಿ ಎಂದರೆ ಆ ಸಾಲಿನವರೆಗೆ ಆವೃತ್ತಿಗಳನ್ನು ಕೂಡುತ್ತಾ ಬಂದ ಮೊತ್ತ:

| ವರ್ಗಾಂತರ | ಆವೃತ್ತಿ | ಮಧ್ಯಬಿಂದು | ಆವೃತ್ತಿ × ಮಧ್ಯಬಿಂದು | ಸಂಚಿತ ಆವೃತ್ತಿ |
|---|---|---|---|---|
| 20–40 | 4 | 30 | 120 | 4 |
| 40–60 | 7 | 50 | 350 | 11 |
| 60–80 | 12 | 70 | 840 | 23 |
| 80–100 | 9 | 90 | 810 | 32 |
| 100–120 | 6 | 110 | 660 | 38 |
| 120–140 | 2 | 130 | 260 | 40 |
| ಒಟ್ಟು | 40 | | 3040 | |

ಸರಿಯಾಗಿ 60 ಯೂನಿಟ್ ಬಳಸಿದ ಮನೆ 60–80ಕ್ಕೆ ಸೇರುತ್ತದೆ, 40–60ಕ್ಕಲ್ಲ. ಮೇಲ್ಮಿತಿ ಮುಂದಿನ ವರ್ಗಾಂತರದ ಸ್ವತ್ತು. ಸಂಚಿತ ಆವೃತ್ತಿಯ ಕೊನೆಯ ಅಂಕಿ ಒಟ್ಟು ಆವೃತ್ತಿಗೆ ಸಮ ಇರಲೇಬೇಕು. ಇಲ್ಲದಿದ್ದರೆ ಮುಂದಕ್ಕೆ ಹೋಗಬೇಡಿ, ಹಿಂದಕ್ಕೆ ಹೋಗಿ ಕೂಡಿ. ಸಂಚಿತ ಆವೃತ್ತಿಯ ಖಾನೆಗೆ ಕೆಳಗೆ ಒಟ್ಟು ಹಾಕುವುದಿಲ್ಲ, ಅದಕ್ಕೆ ಅರ್ಥವಿಲ್ಲ.

ವರ್ಗಾಂತರಗಳು 118–126, 127–135 ಎಂದು ನಡುವೆ ಬಿರುಕು ಬಿಟ್ಟು ಕೊಟ್ಟಿದ್ದರೆ ಕೆಳಮಿತಿಯಿಂದ 0.5 ಕಳೆದು, ಮೇಲ್ಮಿತಿಗೆ 0.5 ಕೂಡಿಸಿ: 117.5–126.5, 126.5–135.5. ವರ್ಗಾಂತರದ ಗಾತ್ರ (ಮೇಲ್ಮಿತಿ − ಕೆಳಮಿತಿ) ಆಗ 9, ಎಂಟಲ್ಲ. ಅಳತೆಯನ್ನು ಹತ್ತಿರದ ಪೂರ್ಣ ಸಂಖ್ಯೆಗೆ ಸರಿಹೊಂದಿಸಿದ್ದಾಗ ಈ ಕ್ರಮ ಸರಿ. ವಯಸ್ಸಿಗೆ ಮಾತ್ರ ಎಚ್ಚರ. ತುಂಬಿದ ವರ್ಷಗಳ ಲೆಕ್ಕದಲ್ಲಿ 14 ವರ್ಷ 11 ತಿಂಗಳ ಹುಡುಗಿಯೂ 14ರವಳೇ. ಅಲ್ಲಿ 10–14 ಎಂದರೆ ನಿಜದಲ್ಲಿ 10–15.

ಸರಾಸರಿ

3040 ÷ 40 = 76 ಯೂನಿಟ್.

60–80ರ ಹನ್ನೆರಡು ಮನೆಗಳಲ್ಲಿ ಯಾವುದು ಎಷ್ಟು ಬಳಸಿತು ಎಂಬುದು ಈ ಪಟ್ಟಿಯಿಂದ ಗೊತ್ತಾಗದು. ಹನ್ನೆರಡೂ ಸುಮಾರು 70 ಎಂದು ಒಪ್ಪಿಕೊಂಡು ಲೆಕ್ಕ ಮಾಡುತ್ತೇವೆ. ಮಧ್ಯಬಿಂದು ಬಂದಿರುವುದು ಹೀಗೆ, ಮತ್ತು ಇದರಿಂದಲೇ 76 ಒಂದು ಅಂದಾಜು.

ಗುಣಾಕಾರ ದೊಡ್ಡದಾದರೆ ಹಂತ ವಿಚಲನಾ ವಿಧಾನ ಹಿಡಿಯಿರಿ. ನಡುವಿನ 70ನ್ನು ಅಂದಾಜು ಸರಾಸರಿಯಾಗಿ ಇಟ್ಟುಕೊಳ್ಳಿ. ಪ್ರತಿ ಮಧ್ಯಬಿಂದುವಿನಿಂದ 70 ಕಳೆದು ಗಾತ್ರವಾದ 20ರಿಂದ ಭಾಗಿಸಿದರೆ −2, −1, 0, 1, 2, 3. ಆವೃತ್ತಿಯಿಂದ ಗುಣಿಸಿದರೆ −8, −7, 0, 9, 12, 6, ಮೊತ್ತ 12. ಸರಾಸರಿ = 70 + (12 ÷ 40) × 20 = 76. ಕೊನೆಯ 20ರಿಂದ ಗುಣಿಸುವುದನ್ನು ಮರೆತರೆ 70.3 ಬರುತ್ತದೆ. ಅದೂ ಪಟ್ಟಿಯ ಮಿತಿಯೊಳಗೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಕಣ್ಣಿಗೆ ಬೀಳುವಂತೆ ಮಾಡುವ ಪರೀಕ್ಷೆ ಒಂದಿದೆ. ಪ್ರತಿ ಮಧ್ಯಬಿಂದುವಿನಿಂದ 76 ಕಳೆದು ಆವೃತ್ತಿಯಿಂದ ಗುಣಿಸಿ: −184, −182, −72, 126, 204, 108. ಋಣದ ಕಡೆ 438, ಧನದ ಕಡೆಯೂ 438. ಎರಡೂ ಸಮನಾದರೆ ಸರಾಸರಿ ಸರಿ.

ಮಧ್ಯಾಂಕ

ಒಟ್ಟು ಆವೃತ್ತಿಯ ಅರ್ಧ 20. ಸಂಚಿತ ಆವೃತ್ತಿಯ ಖಾನೆಯಲ್ಲಿ ಮೇಲಿನಿಂದ ಇಳಿಯುತ್ತಾ 20ನ್ನು ಮೊದಲು ಮುಟ್ಟುವ ಅಥವಾ ದಾಟುವ ಸಾಲು ಹುಡುಕಿ. 11 ಸಾಲದು, 23 ದಾಟಿತು. ಹಾಗಾಗಿ 60–80 ಮಧ್ಯಾಂಕ ವರ್ಗಾಂತರ.

ಮಧ್ಯಾಂಕ = ಕೆಳಮಿತಿ + [(ಒಟ್ಟಿನ ಅರ್ಧ − ಹಿಂದಿನ ಸಾಲಿನ ಸಂಚಿತ ಆವೃತ್ತಿ) ÷ ಇದೇ ಸಾಲಿನ ಆವೃತ್ತಿ] × ಗಾತ್ರ

= 60 + [(20 − 11) ÷ 12] × 20 = 60 + 15 = 75.

ಅತಿ ಹೆಚ್ಚು ಜನ ಎಡವುವುದು 11ರ ಜಾಗದಲ್ಲಿ 23 ಬರೆದು. ಆಗ ಆವರಣದೊಳಗೆ −3 ಬಂದು ಉತ್ತರ 55 ಆಗುತ್ತದೆ. 60–80ರಲ್ಲಿ ಇರಬೇಕಾದದ್ದು ಅದರಿಂದ ಹೊರಗೆ ಬಿದ್ದಿತು. ಸೂತ್ರದ ಅರ್ಥ ನೋಡಿದರೆ ಈ ಗೊಂದಲ ಇರುವುದಿಲ್ಲ. 60ರ ಒಳಗೆ 11 ಮನೆಗಳು ಮುಗಿದಿವೆ. 20ನೇ ಮನೆ ತಲುಪಲು ಇನ್ನೂ 9 ಬೇಕು. ಈ ವರ್ಗಾಂತರದಲ್ಲಿ 12 ಮನೆಗಳು 20 ಯೂನಿಟ್ ಅಗಲದಲ್ಲಿ ಹರಡಿವೆ. ಆದ್ದರಿಂದ ಹನ್ನೆರಡರಲ್ಲಿ ಒಂಬತ್ತು ಭಾಗದಷ್ಟು, ಅಂದರೆ 15 ಯೂನಿಟ್, ಮುಂದಕ್ಕೆ ನಡೆಯಬೇಕು. ಅಷ್ಟೇ ಸೂತ್ರ.

ಬಹುಲಕ

ಹೆಚ್ಚು ಆವೃತ್ತಿ 12, ಅದು 60–80ರಲ್ಲಿದೆ. ಬಹುಲಕ 12 ಎಂದು ಬರೆದುಬಿಡಬೇಡಿ. 12 ಎಂಬುದು ಮನೆಗಳ ಎಣಿಕೆ, ನಮಗೆ ಬೇಕಾದದ್ದು ಯೂನಿಟ್. ಹಿಂದಿನ ಸಾಲಿನ ಆವೃತ್ತಿ 7, ಮುಂದಿನದು 9.

ಬಹುಲಕ = 60 + [(12 − 7) ÷ (2 × 12 − 7 − 9)] × 20 = 60 + (5 ÷ 8) × 20 = 72.5.

ಛೇದದಲ್ಲಿ 7 ಮತ್ತು 9 ಎರಡನ್ನೂ ಕಳೆಯಬೇಕು. 24 − (7 − 9) ಎಂದು ಮಾಡಿ 26 ತಂದವರ ಉತ್ತರ ಸುಮಾರು 63.8 ಆಗುತ್ತದೆ. ಬಹುಲಕ ವರ್ಗಾಂತರ ಮೊದಲ ಸಾಲಿನಲ್ಲೇ ಇದ್ದರೆ ಹಿಂದಿನ ಆವೃತ್ತಿ ಸೊನ್ನೆ ಎಂದು ತೆಗೆದುಕೊಳ್ಳಿ.

ಈಗ ಮೂರನ್ನೂ ಒಟ್ಟಿಗೆ ನೋಡಿ. 3 × ಮಧ್ಯಾಂಕ = 225. ಬಹುಲಕ + 2 × ಸರಾಸರಿ = 72.5 + 152 = 224.5. ಹತ್ತಿರ ಬಂತು, ಪೂರ್ತಿ ಸಮ ಆಗಲಿಲ್ಲ. ಈ ಸಂಬಂಧ ಅನುಭವದಿಂದ ಕಂಡುಕೊಂಡ ಅಂದಾಜು. ಸರಾಸರಿ, ಮಧ್ಯಾಂಕ, ಬಹುಲಕಗಳಲ್ಲಿ ಯಾವುದಾದರೂ ಎರಡನ್ನು ಕೊಟ್ಟು ಮೂರನೆಯದನ್ನು ಕೇಳಿದಾಗ ಬಳಸಿ. ಪೂರ್ತಿ ಪಟ್ಟಿ ಕೈಯಲ್ಲಿರುವಾಗ ಬೇಡ.

ಓಜೀವ್ ಎಳೆಯುವಾಗ

ಓಜೀವ್ ಎಂದರೆ ಸಂಚಿತ ಆವೃತ್ತಿಯನ್ನು ತೋರಿಸುವ ರೇಖೆ. ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 20 ಯೂನಿಟ್, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 5 ಮನೆ. ಕಡಿಮೆ ವಿಧಾನದ (‘ಇದಕ್ಕಿಂತ ಕಡಿಮೆ’ ಎಂದು ಎಣಿಸುವ) ಓಜೀವ್‌ಗೆ ಬಿಂದುಗಳು (40, 4), (60, 11), (80, 23), (100, 32), (120, 38), (140, 40). ಮೇಲ್ಮಿತಿಯನ್ನೇ ಗುರುತಿಸಬೇಕು, ಏಕೆಂದರೆ 23 ಮನೆಗಳು ಪೂರ್ತಿ ಮುಗಿಯುವುದು 80ರಲ್ಲಿ. ಮಧ್ಯಬಿಂದುವಿಗೆ ಗುರುತಿಸಿದರೆ ಇಡೀ ರೇಖೆ 10 ಯೂನಿಟ್ ಎಡಕ್ಕೆ ಸರಿದು ಮಧ್ಯಾಂಕ 65 ಎಂದು ತೋರುತ್ತದೆ. ರೇಖೆ (20, 0)ದಿಂದ ಶುರುವಾಗಲಿ. ಲಂಬ ಅಕ್ಷದ 20ರಿಂದ ಅಡ್ಡಗೆರೆ ಎಳೆದು, ಅದು ಓಜೀವ್ ಮುಟ್ಟಿದಲ್ಲಿಂದ ಕೆಳಕ್ಕಿಳಿಸಿ. 75ರ ಆಸುಪಾಸು ಬೀಳಬೇಕು.

ಆವೃತ್ತಿಯನ್ನು ಆಯತಗಳಲ್ಲಿ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಒಂದೇ ಬಲೆ: ಅಸಮ ಅಗಲ. ಕೊನೆಯ ಎರಡನ್ನು ಸೇರಿಸಿ 100–140ಕ್ಕೆ 8 ಎಂದು ಕೊಟ್ಟರೆ ಆಯತದ ಎತ್ತರ 8 ಅಲ್ಲ, (8 ÷ 40) × 20 = 4. ಕಣ್ಣು ನೋಡುವುದು ವಿಸ್ತೀರ್ಣವನ್ನು.

ಆವೃತ್ತಿ ಅಳಿಸಿಹೋಗಿದ್ದರೆ

80–100ರ 9 ಕಾಣುತ್ತಿಲ್ಲ, ಒಟ್ಟು ಮನೆಗಳ ಸಂಖ್ಯೆಯನ್ನೂ ಕೊಟ್ಟಿಲ್ಲ, ಸರಾಸರಿ 76 ಎಂದಷ್ಟೇ ಇದೆ ಎನ್ನಿ. ಕಾಣದ್ದನ್ನು ‘ಪ’ ಎಂದು ಕರೆಯಿರಿ. ಒಟ್ಟು ಆವೃತ್ತಿ 31 + ಪ. ಗುಣಲಬ್ಧಗಳ ಮೊತ್ತ 2230 + 90ಪ. ಆಗ 76 × (31 + ಪ) = 2230 + 90ಪ, ಅಂದರೆ 2356 − 2230 = 14ಪ, ಪ = 9. ಮೊತ್ತಕ್ಕೆ 90ಪ ಸೇರಿಸಿ ಭಾಜಕದಲ್ಲಿ ಬರೀ 31 ಉಳಿಸಿದವರಿಗೆ 90ಪ = 126, ಪ = 1.4 ಬರುತ್ತದೆ. ಮನೆಗಳ ಸಂಖ್ಯೆ ಒಂದೂಕಾಲು, ಒಂದೂವರೆ ಆಗಲಾರದು. ಆವೃತ್ತಿ ಭಿನ್ನರಾಶಿಯಾಗಿ ಬಂದ ಕೂಡಲೇ ಪೆನ್ನು ನಿಲ್ಲಿಸಿ ಭಾಜಕದ ಕಡೆ ನೋಡಿ.